ತಟ್ಟದೆ ಬಿಟ್ಟ ಅಂಗೈ

ಬಸ್ಸಿನ ಗಾಜಿನ ಮೇಲಿನ ಹಬೆ ಒರೆಸಿದರೆ ಮತ್ತೆ ಹಬೆ, ಒರೆಸಿದರೆ ಮತ್ತೆ ಹಬೆ, ನಡುವೆ ಒಂದು ಗಳಿಗೆ ಮಾತ್ರ ಕಾಣುವ ಸಾಲುಮರಗಳು, ಕೊಂಬೆ ಕಡಿದು ಕಡಿದು ತುದಿಯಲ್ಲಿ ಗಂಟುಗಟ್ಟಿದ ಮರಗಳು — ಇವು ಇನ್ನೂ ಇವೆಯಲ್ಲ, ಎಂದುಕೊಂಡಳು ಸೋಲಾಂಜ್, ಒರೆಸಿ ಒರೆಸಿ ಎಣಿಸುತ್ತ, ಸೇತುವೆಯಿಂದ ಊರಬಾಗಿಲಿನವರೆಗೆ ನಲವತ್ತೊಂದು, ಅಪ್ಪನ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತು ಎಣಿಸುತ್ತಿದ್ದದ್ದು, ಅಣ್ಣ ಲೆಯೋನ್ಸ್ ನಲವತ್ತೇ ಎನ್ನುತ್ತಿದ್ದ, ಇವಳು ನಲವತ್ತೊಂದು, ಇಬ್ಬರಲ್ಲಿ ಒಬ್ಬರೂ ಸೋಲುವ ಜಾತಿಯಲ್ಲ, ಗಾಡಿ ಎಳೆಯುತ್ತಿದ್ದ ಬೂದು ಕುದುರೆ ಮಾತ್ರ ಯಾರ ಪಕ್ಷವನ್ನೂ ವಹಿಸದೆ ನಡೆಯುತ್ತಿತ್ತು — ಅದರ ಮರಿಯೇ ಗ್ರಿಸೆಟ್, ಬೇಡ, ಆ ಹೆಸರು ಈಗ ಬೇಡ, ಇನ್ನೂ ಊರೇ ಬಂದಿಲ್ಲ. ಕೈಚೀಲದಲ್ಲಿ ಅತ್ತಿಗೆ ಮಾರ್ತ್‌ಳ ಕಾಗದ, ತೆಗೆದು ಓದಬೇಕಾಗಿಲ್ಲ, ಬಾಯಿಪಾಠವಾಗಿದೆ, ಲೆಯೋನ್ಸ್‌ಗೆ ಪಾರ್ಶ್ವವಾಯು ಆಗಿ ಆರು ತಿಂಗಳಾಯ್ತು, ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತೂ ಹೋಗಿದೆ, ಆದ್ರೂ ಗುರುವಾರ ಬೆಳಗಾದ್ರೆ ಟೋಪಿ ಹಾಕ್ಕೊಂಡು ಸಂತೆಗೆ ಹೊರಟು ಕೂತಿರ್ತಾನೆ, ಬರೋ ಮನಸ್ಸಿದ್ರೆ ಗುರುವಾರ ಬಾ. ಬರುವ ಮನಸ್ಸು! ಹತ್ತೊಂಬತ್ತು ವರ್ಷ ಆ ಮನಸ್ಸನ್ನು ತುಲೂಸಿನ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳ ಸಾರಿನ ಹಂಡೆಯ ಕೆಳಗೆ ಉರಿಸಿದ್ದಾಳೆ, ಉರಿದು ಬೂದಿಯಾಯಿತು ಎಂದುಕೊಂಡಿದ್ದಳು, ಕಾಗದ ಬಂದ ದಿನ ಗೊತ್ತಾಯಿತು ಕೆಳಗೆ ಕೆಂಡ ಹಾಗೇ ಇದೆ ಎಂದು. ಅವನ ಮನೆಗೆ ಹೋಗಿ ಮಂಚದ ಪಕ್ಕ ಕೂತು ಕಣ್ಣೀರು ಹಾಕಿದರೆ ಆಗುವುದಿಲ್ಲ, ಬಾಗಿಲು ಮುಚ್ಚಿದ ಮನೆಯೊಳಗೆ ಮಾಡಿದ್ದಕ್ಕೆ ಈ ಊರಿನಲ್ಲಿ ಬೆಲೆಯಿಲ್ಲ, ಅವನು ಚಾಚಿದ ಕೈಯನ್ನು ತಟ್ಟದೆ ಎಲ್ಲಿ ಬಿಟ್ಟು ಹೋದಳೋ ಅಲ್ಲೇ ತಟ್ಟಬೇಕು, ಸಂತೆಚಾವಡಿಯೊಳಗೆ, ಎಡಗಡೆಯ ನಾಲ್ಕನೆಯ ಕಂಬದ ಹತ್ತಿರ, ಎಂಟರ ಗಂಟೆ ಹೊಡೆದ ಮೇಲೆ, ನೋಡುವವರು ನೋಡುತ್ತಿರುವಾಗ. ವೆರ್ಸೊಲಾಕ್, ಎಂದು ಕೂಗಿದ ಡ್ರೈವರ್, ಇಳಿಯೋರು ಬೇಗ ಇಳೀರಿ, ಹಿಂದೆ ಹಂದಿ ಗಾಡಿ ನಿಂತಿದೆ. ಇಳಿದಳು.

ಎಂಟಕ್ಕೆ ಹತ್ತು ನಿಮಿಷ. ಗಂಟೆ ಹೊಡೆಯುವವರೆಗೆ ಯಾರೂ ಏನನ್ನೂ ಮಾರುವಂತಿಲ್ಲ, ಹೂಕೋಸು ಗುಡ್ಡೆ ಹಾಕಬಹುದು, ಬಾತುಕೋಳಿಗಳ ಕಾಲು ಕಟ್ಟಿ ಮಲಗಿಸಬಹುದು, ಮಾಲು ನೋಡಬಹುದು, ಮೂಸಬಹುದು, ಬೆಲೆ ಕೇಳಿದರೆ ಮಾತ್ರ ಮುದುಕಿಯರು ಕಿವುಡರಾಗುತ್ತಾರೆ, ಹಳ್ಳಿಯವರು ಹೀಗೆ ಮುಖ ಮುಖ ನೋಡಿಕೊಂಡು ನಿಲ್ಲುವ ಆ ಹತ್ತು ನಿಮಿಷವೆಂದರೆ ಚಿಕ್ಕಂದಿನಲ್ಲಿ ಪೂಜೆಯ ಹೊತ್ತಿಗಿಂತ ಹೆಚ್ಚು ಭಯ ಅವಳಿಗೆ, ಈಗಲೂ ಅದೇ. ಹಸಿ ಅಕ್ರೋಟಿನ ಸಿಪ್ಪೆಯ ವಾಸನೆ, ಕಹಿ, ಅಕ್ಟೋಬರಿನ ವಾಸನೆ, ಕಾಫಿ, ಒದ್ದೆ ನಾಯಿ, ಬಾತಿನ ಕೊಬ್ಬು ಕಾಯಿಸುವ ಹೊಗೆ, ಕಮಾನುಗಳ ಕೆಳಗೆ ಅದೇ ಚೀಸಿನ ಅಂಗಡಿ, ಅದರ ಹಿಂದೆ ಅದೇ ಓರ್ತಾಂಸ್, ಆಗಲೇ ಮುದುಕಿಯಾಗಿದ್ದವಳು ಈಗ ಅದಕ್ಕಿಂತ ಮುದುಕಿ, ತಲೆ ತಗ್ಗಿಸಿ ದಾಟಿಬಿಡೋಣ ಎಂದರೆ ಆ ಕಣ್ಣಿಗೆ ಏನು ತಪ್ಪುತ್ತದೆ, ಅಯ್ಯೋ ನಿನ್ನ, ಬಾರ್ತ್ ಮನೆ ಸೋಲಾಂಜ್ ಅಲ್ವೇನೇ ನೀನು, ಬಾ ಇಲ್ಲಿ, ಕೆನ್ನೆ ಕೊಡು, ಏನು, ತುಲೂಸಲ್ಲಿ ಹತ್ತೊಂಬತ್ತು ವರ್ಷದಿಂದ ಬಸ್ಸೇ ಸಿಗ್ಲಿಲ್ವಾ? ಸಿಕ್ಕಿತು ಇವತ್ತು, ಓರ್ತಾಂಸಮ್ಮ. ಸಿಗುತ್ತೆ ಸಿಗುತ್ತೆ, ಮನೇಲಿ ಯಾರಾದ್ರೂ ಬಿದ್ದ ಮೇಲೇ ಎಲ್ಲಾರ್ಗೂ ಬಸ್ ಸಿಗೋದು, ಅಣ್ಣನ್ನ ನೋಡೋಕ್ ಬಂದ್ಯಾ? ಹೂಂ. ನೋಡೋಕ್ ಮಾತ್ರಾನಾ? ಮುದುಕಿ ಚೀಸಿನ ಮೇಲಿನ ಒದ್ದೆ ಬಟ್ಟೆಯನ್ನು ಸರಿಮಾಡುತ್ತ, ಮರೆತೋರು ಯಾರೂ ಇಲ್ಲ ಮಗಳೇ, ಎಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಯಾಕೆ ಮರೆಯುತ್ತಾರೆ, ಕೈಗೆ ಕೈ ಹೊಡೆಯುವುದೆಂದರೆ ಇಲ್ಲಿ ಮಕ್ಕಳಾಟವಲ್ಲ, ಇಲ್ಲಿ ಕಾಗದವಿಲ್ಲ, ಸಹಿಯಿಲ್ಲ, ಹಸುವಾಗಲಿ ಹೊಲವಾಗಲಿ ಮಗಳ ಮದುವೆಯಾಗಲಿ, ಒಬ್ಬ ಅಂಗೈ ಚಾಚಿ ಹೊಡಿ ಎನ್ನುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ, ಏಟು ಬಿದ್ದ ಕೈ ಮುಚ್ಚಿ ಅವನ ಕೈಯನ್ನು ಹಿಡಿಯಬೇಕು, ಮುಚ್ಚಿತೋ ಮುಗಿಯಿತು, ಆಮೇಲೆ ದೇವರು ಬಂದರೂ ಬಿಡಿಸುವಂತಿಲ್ಲ, ಜಗಳವನ್ನೂ ಹೀಗೇ ಮುಗಿಸುತ್ತಾರೆ, ನೆರೆಯವರು, ಭಾವಮೈದುನರು, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎನ್ನುವುದು ಮಾತಿಗೆ, ಕೈಯ ಏಟು ಹೋಗುವುದೇ ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಅಪ್ಪ ಸಾಯುವ ಎಂಟು ದಿನ ಮುಂಚೆ, ಗ್ರಿಸೆಟ್ಟನ್ನು ಕೊಡುತ್ತೇನೆಂದು ಕುದುರೆ ಕಟುಕ ದೆಲ್ಪೆಶ್‌ನ ಕೈಗೆ ಹೊಡೆದು ಬಂದಿದ್ದ, ಯಾರಿಗೂ ಹೇಳದೆ, ಟ್ರ್ಯಾಕ್ಟರ್ ಬಂದ ಮೇಲೆ ಮುದಿ ಕುದುರೆಗೆ ಮೇವು ಯಾಕೆ ಎಂದುಕೊಂಡನೋ ಏನೋ, ಅಪ್ಪನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ದೆಲ್ಪೆಶ್ ಅಂಗಳದಲ್ಲಿ ಟೋಪಿ ತೆಗೆದು ನಿಂತಿದ್ದ, ನನಗೂ ಬೇಜಾರಿದೆ ಲೆಯೋನ್ಸ್, ಆದ್ರೆ ನಿಮ್ಮಪ್ಪ ಕೈ ಕೊಟ್ಟಿದ್ದ. ಇವಳು ಓಡಿಬಂದು ಕುದುರೆಯ ಕುತ್ತಿಗೆಗೆ ಜೋತುಬಿದ್ದಳು, ನಾಚಿಕೆಯಿಲ್ಲದೆ, ಮೂವತ್ತೊಂಬತ್ತು ವರ್ಷದ ಹೆಂಗಸು, ಗಂಡ ಬಿಟ್ಟುಹೋದ ಮೇಲೆ ತೌರಿಗೆ ವಾಪಸಾದಾಗ ಇವಳ ಅಳುವನ್ನು ಕೇಳಿದ್ದು ಆ ಒಂದು ಪ್ರಾಣಿ, ರಾತ್ರಿಯೆಲ್ಲ ಮೂಗಿನಿಂದ ಬಿಸಿ ಉಸಿರು ಬಿಡುತ್ತ ಕೇಳಿದ್ದು, ಬೇಡ ಲೆಯೋನ್ಸ್, ಅಪ್ಪ ಇಲ್ವಲ್ಲೋ, ಅಪ್ಪನ ಜೊತೆ ಆ ವ್ಯಾಪಾರಾನೂ ಹೋಯ್ತು ಕಣೋ, ಬೇಡ ಅನ್ನೋ. ಲೆಯೋನ್ಸ್ ಇವಳ ಕಡೆ ನೋಡಲಿಲ್ಲ. ಸತ್ತೋನ ಕೈನ ನಾನು ಸುಳ್ಳು ಮಾಡ್ಲಾ, ಎಂದ, ಇಷ್ಟೇ, ಹಗ್ಗವನ್ನು ಗೂಟದಿಂದ ಬಿಚ್ಚಿ ಕಟುಕನ ಕೈಗೆ ಕೊಟ್ಟ, ಅಂಗಳದ ಕಲ್ಲಿನ ಮೇಲೆ ನಾಲ್ಕು ಗೊರಸಿನ ಸದ್ದು, ಗೇಟಿನ ಹತ್ತಿರ ಒಂದು ಸಲ ನಿಂತಿತು, ಯಾಕೆ ನಿಂತಿತೋ, ಆಮೇಲೆ ಹೋಯಿತು.

ಗಂಟೆ. ಒಂದೇ ಸಲಕ್ಕೆ ಇಡೀ ಚಾವಡಿ ಬಾಯಿಬಿಟ್ಟಿತು, ಬೆಲೆಗಳು, ಬೈಗುಳಗಳು, ನಗು, ಬಾತುಕೋಳಿಗಳ ಕಿರುಚಾಟ, ಅಲ್ಲೊಂದು ಇಲ್ಲೊಂದು ಅಂಗೈಗೆ ಅಂಗೈ ಬಿದ್ದ ಸದ್ದು — ಹೋಗು, ಈಗ ಹೋಗು, ಕಾಲೇ, ಹೋಗು — ಆ ನಾಲ್ಕನೆಯ ಕಂಬದ ಮುಂದೆ, ಕಲ್ಲಿನಲ್ಲೇ ಕೊರೆದ ಆ ಹಳೆಯ ಕಾಳಿನ ಅಳತೆಗುಂಡಿಗಳ ಪಕ್ಕದಲ್ಲಿ, ಕುದುರೆ ಹೋದ ಎರಡು ವಾರಕ್ಕೆ, ಇಂಥದೇ ಅಕ್ಟೋಬರ್, ಲೆಯೋನ್ಸ್ ಅಕ್ರೋಟಿನ ಬುಟ್ಟಿಗಳ ಹಿಂದಿನಿಂದ ಎದ್ದು ಬಂದಿದ್ದ, ಎರಡು ವಾರ ಒಂದೇ ಮೇಜಿನಲ್ಲಿ ಒಂದು ಮಾತಿಲ್ಲದೆ ಉಂಡ ಮೇಲೆ, ಎಲ್ಲರ ಎದುರಿಗೆ ಬಂದು ಇವಳ ಮುಂದೆ ಕೈ ಚಾಚಿದ್ದ, ಅವನು, ಯಾರ ಮುಂದೆಯೂ ಬಾಗದ ಲೆಯೋನ್ಸ್, ಸಿಪ್ಪೆ ಸುಲಿದು ಸುಲಿದು ಕಪ್ಪಾದ ಅಂಗೈ, ಗೆರೆಗಳಲ್ಲೆಲ್ಲ ಕಪ್ಪು, ಹೊಡಿ ಸೋಲಾಂಜ್, ಸಾಕು ಇನ್ನು, ಹೊಡಿ. ವ್ಯಾಪಾರ ನಿಂತುಹೋಯಿತು. ಓರ್ತಾಂಸ್ ಚಾಕುವನ್ನು ಚೀಸಿನಲ್ಲೇ ಬಿಟ್ಟಿದ್ದಳು. ಇವಳು ಆ ಕೈಯನ್ನು ನೋಡಿದಳು, ಚೆನ್ನಾಗಿ ನೋಡಿದಳು, ಇಲ್ಲ ಎನ್ನುವುದಾದರೂ ಮೆಲ್ಲಗೆ ಎನ್ನಬಹುದಿತ್ತು, ಆದರೆ ಮೂಗಿನ ತುದಿಯ ಕೋಪ, ಅಪ್ಪನದೇ ಬಳುವಳಿ, ಕಟುಕನಿಗೆ ಹಗ್ಗ ಕೊಟ್ಟ ಕೈ ಅಲ್ವಾ ಇದು, ತೊಳ್ಕೊಂಡು ಬಾ ಹೋಗು, ಎಂದಳು, ಗಟ್ಟಿಯಾಗಿ, ಕೇಳಬೇಕಾದವರಿಗೆಲ್ಲ ಕೇಳುವಂತೆ, ಎಂದು ತಿರುಗಿ ನಡೆದಳು, ಚಾವಡಿಯಿಂದ ಬಸ್ಸಿಗೆ, ಬಸ್ಸಿನಿಂದ ತುಲೂಸಿಗೆ, ಒಂದು ಸಲ ಮಾತ್ರ, ಕಮಾನಿನ ಹತ್ತಿರ, ಹಿಂದೆ ನೋಡಿದ್ದಳು, ಅವನು ಕೈ ಇಳಿಸಿರಲಿಲ್ಲ. ಅದೇ ತಪ್ಪಾದದ್ದು, ಹಿಂದೆ ನೋಡಬಾರದಿತ್ತು, ಆಮೇಲೆ ಪಾತ್ರೆ ತೊಳೆಯುವಾಗ, ಬ್ರೆಡ್ಡು ಕೊಯ್ಯುವಾಗ, ಯಾರೋ ಮಗು ಇನ್ನೊಂದು ಸೌಟು ಹಾಕಿ ಎಂದು ಕೈ ಚಾಚಿದರೂ ಸಾಕು, ಆ ಅಂಗೈ, ಕಪ್ಪು, ಗಾಳಿಯಲ್ಲಿ, ಹಾಗೇ.

ನಾಲ್ಕನೆಯ ಕಂಬ. ಮಾರ್ತ್, ತೆಳ್ಳಗಾಗಿದ್ದಾಳೆ, ತಕ್ಕಡಿಯ ಹಿಂದೆ ನಿಂತಿದ್ದವಳು ಇವಳನ್ನು ಕಂಡು ಅಕ್ರೋಟು ತುಂಬುತ್ತಿದ್ದ ಚೀಲವನ್ನು ಗಿರಾಕಿಯ ಕೈಗೆ ಅರ್ಧಕ್ಕೇ ಕೊಟ್ಟುಬಿಟ್ಟಳು, ಬಂದ್ಯಾ, ಎಂದಳು, ಎರಡು ಕೆನ್ನೆಗೂ ಕೆನ್ನೆ ತಾಗಿಸಿದಳು, ತಣ್ಣಗಿದ್ದ ಕೆನ್ನೆ, ಅಲ್ಲಿದ್ದಾನೆ ನೋಡು. ಬೆತ್ತದ ಕುರ್ಚಿಯಲ್ಲಿ, ಕಂಬಕ್ಕೆ ಒರಗಿ, ಟೋಪಿ ಹಾಕಿಕೊಂಡು, ಅಪ್ಪ — ಅಲ್ಲ, ಅಪ್ಪನಲ್ಲ, ಲೆಯೋನ್ಸ್, ಅರವತ್ತಮೂರಕ್ಕೆ ಅಪ್ಪನಾಗಿ ಕೂತಿದ್ದಾನೆ, ಬಾಯಿಯ ಬಲ ಮೂಲೆ ಜಾರಿದೆ, ಕಣ್ಣು ಕಮಾನಿನ ಕಡೆ, ಎಡಗೈ ಕೋಟಿನ ಜೇಬಿನಲ್ಲಿ, ಬಲಗೈ ತೊಡೆಯ ಮೇಲೆ, ಅಂಗಾತ, ಬೆರಳು ಬಿಚ್ಚಿ, ತೆರೆದಿದೆ. ಯಾಕೆ ಹಾಗಿಟ್ಟಿದೀಯಾ ಅದನ್ನ, ಎಂದು ಮಾರ್ತ್‌ಳನ್ನು ಕೇಳಿದಳು. ನಾನೆಲ್ಲಿಟ್ಟೆ, ಎಂದಳು ಮಾರ್ತ್, ಮನೇಲಿ ಕಂಬಳಿ ಒಳಗೆ ಬೆಚ್ಚಗೇ ಇರುತ್ತೆ, ಇಲ್ಲಿಗೆ ಬಂದ್ರೆ ಎಡಗೈಯಿಂದ ಅದನ್ನ ಹಿಡಿದು ತಾನೇ ಅಂಗಾತ ಮಾಡ್ತಾನೆ, ನಾನು ಮಗುಚಿದ್ರೆ ಮತ್ತೆ ತಿರುಗಿಸ್ತಾನೆ, ಯಾರಾದ್ರೂ ಪಾಪ ಅಂತ ತಟ್ಟೋಕೆ ಬಂದ್ರೆ ಎಡಗೈಲಿ ತಳ್ತಾನೆ, ಮೇಯರ್ ಬಂದಾಗ್ಲೂ ತಳ್ಳಿದ. ಮಾತು? ಒಂದೇ ಒಂದು ಉಳಿದಿದೆ, ಡಾಕ್ಟರು ಅಂತಾರೆ ಹೀಗಾದವ್ರಿಗೆ ಒಂದೊಂದು ಸಲ ಒಂದೇ ಮಾತು ಉಳಿಯುತ್ತಂತೆ, ಯಾವ್ದು ಅಂತ ಯಾರ ಕೈಲೂ ಹೇಳೋಕಾಗಲ್ಲ, ಇವನಿಗೆ ಹೊಡಿ ಅನ್ನೋದು ಉಳೀತು, ಬಾಯಾರಿದ್ರೆ ಹೊಡಿ, ಸೂಪು ಬಿಸಿಯಾದ್ರೆ ಹೊಡಿ, ನನ್ನನ್ನ ಕರೆಯೋಕೂ ಹೊಡಿ — ಮಾರ್ತ್ ನಗಲು ನೋಡಿದಳು, ಆಗಲಿಲ್ಲ, ಏಪ್ರನ್ನಿನಿಂದ ಮೂಗು ಒರೆಸಿಕೊಂಡು, ಕುದುರೆ ಹೋದ್ಮೇಲೆ ಮೂರು ರಾತ್ರಿ ಲಾಯದ ಹುಲ್ಲಲ್ಲಿ ಮಲಗಿದ್ದ ಅವನು, ನಿನಗೆ ಹೇಳ್ಬೇಡ ಅಂದಿದ್ದ, ಎಂದಳು, ಮತ್ತೆ ತಕ್ಕಡಿಯ ಕಡೆ ತಿರುಗಿದಳು, ಗಿರಾಕಿ ಕಾಯುತ್ತಿದ್ದ.

ಲಾಯದಲ್ಲಿ. ಮೂರು ರಾತ್ರಿ. ಮೇಲೆ ತನ್ನ ಕೋಣೆಯಲ್ಲಿ ಇವಳು ಅವನನ್ನು ಶಪಿಸುತ್ತ ಹೊರಳಾಡಿದ ಅದೇ ಮೂರು ರಾತ್ರಿ, ಕೆಳಗೆ ಅವನು, ನಡುವೆ ಒಂದು ಮರದ ಹಲಗೆಯ ಅಟ್ಟ, ಕೇಳಬಹುದಿತ್ತು, ಕಿವಿಯಿಟ್ಟಿದ್ದರೆ ಕೇಳುತ್ತಿತ್ತು, ಕೇಳಲಿಲ್ಲ — ಅವನ ಎದುರಿಗೆ ನಿಂತಳು, ಸೋಲಾಂಜ್ ಬಂದಿದೀನಿ, ಎಂದಳು, ಕಣ್ಣು ಕಮಾನಿನಿಂದ ಮೆಲ್ಲಗೆ ಬಂತು, ಇವಳ ಶೂ, ಇವಳ ಕೋಟು, ಇವಳ ಮುಖ, ಅಲ್ಲಿ ನಿಂತಿತು, ಗುರುತು ಹಿಡಿದೆಯಾ, ಹಿಡಿದೆ ಅಲ್ಲವಾ, ನಲವತ್ತೊಂದು ಲೆಯೋನ್ಸ್, ಇವತ್ತೂ ಎಣಿಸಿದೆ, ನಲವತ್ತು ಅನ್ನು, ಒಂದು ಸಲ ನಲವತ್ತು ಅನ್ನು, ಸೋಲುತ್ತೇನೆ. ಹೊಡಿ, ಎಂದ ಅಣ್ಣ. ಅಕ್ಕಪಕ್ಕದವರು ನೋಡುತ್ತಿದ್ದಾರೆ, ನೋಡಲಿ, ಅದಕ್ಕೇ ಬಂದದ್ದು, ಬಲಗೈಯ ಕೈಚೀಲ ಕೆಳಗಿಟ್ಟು ಅವನ ಅಂಗೈಯನ್ನು ನೋಡಿದಳು, ಬೆಳ್ಳಗಿತ್ತು, ಕಲೆಯಿಲ್ಲ, ಗೆರೆಗಳಲ್ಲಿ ಒಂದು ಚೂರೂ ಕಪ್ಪಿಲ್ಲ, ಈ ಅಕ್ಟೋಬರ್ ಅವನು ಒಂದು ಅಕ್ರೋಟನ್ನೂ ಸುಲಿದಿಲ್ಲ, ತೊಳೆದುಕೊಂಡು ಬಾ ಎಂದಿದ್ದಳಲ್ಲ, ತೊಳೆದು ಕೂತಿದೆ — ಹೊಡೆದಳು. ಸದ್ದು ಬಂತು, ಚೆನ್ನಾಗಿಯೇ ಬಂತು, ಓರ್ತಾಂಸ್ ಅಲ್ಲಿಂದಲೇ ದೇವರೇ ಎಂದದ್ದು ಕೇಳಿತು, ಎಡಗೈ ಜೇಬಿನಿಂದ ಬರಲಿಲ್ಲ, ಇವಳನ್ನು ತಳ್ಳಲಿಲ್ಲ, ತಳ್ಳಲಿಲ್ಲವಲ್ಲ, ಈಗ ಮುಚ್ಚಬೇಕು, ಮುಚ್ಚಿ ಹಿಡಿಯಬೇಕು, ಇವಳು ತನ್ನ ಕೈಯನ್ನು ಅದರ ಮೇಲೆ ಇಟ್ಟುಕೊಂಡೇ ಕಾದಳು. ಹೊಡಿ, ಎಂದ. ಹೊಡೆದೆ ಕಣೋ, ಈಗ ತಾನೇ ಹೊಡೆದೆ, ಗೊತ್ತಾಗ್ಲಿಲ್ವಾ. ಕಣ್ಣು ಇವಳ ಮುಖದ ಮೇಲೇ ಇತ್ತು, ಒದ್ದೆಯಾಗಿತ್ತು, ಹೊಡಿ. ಮತ್ತೆ ಹೊಡೆದಳು, ಜೋರಾಗಿ, ತನ್ನ ಕೈ ಉರಿಯುವಷ್ಟು, ಹೊಡಿ, ಅದು ಸಾಕು ಎಂದೋ, ಸಾಲದು ಎಂದೋ, ನೀರು ಎಂದೋ, ತಂಗಿ ಎಂದೋ, ಎಲ್ಲಕ್ಕೂ ಅದೊಂದೇ, ಮಂಡಿಯೂರಿ ಅವನ ಬೆರಳುಗಳನ್ನು ಒಂದೊಂದಾಗಿ ತನ್ನ ಕೈಯ ಮೇಲೆ ಮಡಿಸಿದಳು, ಕಿರುಬೆರಳು, ಅದರ ಪಕ್ಕದ್ದು, ನಡುಬೆರಳು, ತೋರುಬೆರಳು, ಹೆಬ್ಬೆರಳು, ಮುಚ್ಚಿತು, ಹಿಡಿಯಿತು, ಮುಗಿಯಿತು ಅಣ್ಣ, ನೋಡು, ಮುಗಿಯಿತು, ಎಂದು ತನ್ನ ಬೆರಳು ತೆಗೆದಳು, ಅವನವು ಒಂದೊಂದಾಗಿ ಬಿಚ್ಚಿಕೊಂಡವು, ಮತ್ತೆ ಮಡಿಸಿದಳು, ಬಿಟ್ಟಳು, ಬಿಚ್ಚಿಕೊಂಡವು, ತೊಡೆಯ ಮೇಲೆ, ಬೆಳ್ಳಗೆ, ಅಂಗೈ, ತೆರೆದು