ಅತ್ತೆಯ ನಗು ತಡೆಯದ ಪೆಟ್ಟಿಗೆ

ನಮ್ಮತ್ತೆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ವಾರಕ್ಕೊಮ್ಮೆ ಕಥೆ ಹೇಳುತ್ತಾರೆ. ಕಥೆಯಲ್ಲಿ ನಗುವ ಜಾಗ ಬರುವ ಮೊದಲೇ ತಾವು ನಕ್ಕುಬಿಡುತ್ತಾರೆ, ಮಕ್ಕಳು ಆಮೇಲೆ ನಗುತ್ತಾರೆ. ನಗು ಮೂರು ಮನೆಯಾಚೆ ಕೇಳಿಸುವಂಥದ್ದು. ಆದರೆ ಇತ್ತೀಚೆಗೆ ಗಂಟಲು ಕೆಟ್ಟು, ಮಾತು ಮಾತ್ರ ಕೊನೆಯ ಹಾಸಿಗೆಗೆ ತಲುಪುತ್ತಿರಲಿಲ್ಲ.

ಅದಕ್ಕೆ ನಾನೇ ಒಂದು ಪೆಟ್ಟಿಗೆ ಮಾಡಿಕೊಟ್ಟೆ. ಮೈಕು, ಸ್ಪೀಕರು, ಬ್ಯಾಟರಿ. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸಿ ಅಲ್ಲೇ ಹಿಡಿದಿಡುವ ಸ್ವಿಚಿಂಗ್ ರೆಗ್ಯುಲೇಟರ್ ಕೂಡ ನನ್ನ ಕೈಕೆಲಸವೇ. ಆಫೀಸಿನಲ್ಲಿ ನನ್ನ ಕಸುಬೂ ಅದೇ ಆದ್ದರಿಂದ ಜಂಬ ಸ್ವಲ್ಪ ಹೆಚ್ಚೇ ಇತ್ತು.

ಮೊದಲ ದಿನ ಕಥೆ ಚೆನ್ನಾಗಿಯೇ ಸಾಗಿತು. ಅತ್ತೆ ನಕ್ಕರು ನೋಡಿ, ಪೆಟ್ಟಿಗೆ ಟಪ್ ಎಂದು ಮೂಕವಾಯಿತು. ಕ್ಷಣ ಬಿಟ್ಟು ಜೀವ ಬಂತು. ಮತ್ತೆ ನಕ್ಕರು, ಮತ್ತೆ ಮೂಕ. ಮನೆಗೆ ತಂದು ಒಂದು ಬಲ್ಬು ಜೋಡಿಸಿ ಅಳೆದೆ. ಮೀಟರು ಐದು ಎಂದದ್ದು ಕೂದಲೆಳೆಯಷ್ಟೂ ಕದಲಲಿಲ್ಲ.

"ಪೆಟ್ಟಿಗೆ ಸರಿಯಾಗೇ ಇದೆ ಅತ್ತೆ. ನೀವು ಒಮ್ಮೆಲೇ ಹಾಗೆ ನಕ್ರೆ ಯಾವ ಪೆಟ್ಟಿಗೆ ತಾನೇ ತಡೆಯುತ್ತೆ? ಸ್ವಲ್ಪ ಮೆಲ್ಲಗೆ ನಗಿ," ಎಂದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದ ತರಕಾರಿ ಹೆಚ್ಚುತ್ತಿದ್ದ ನನ್ನ ಗಂಡ. ನಾನು ತಿರುಗಿ ನೋಡಿದ ಮೇಲೆ ತೆಪ್ಪಗೆ ಬೀನ್ಸ್ ಕಡೆ ಬಗ್ಗಿದ.

ಮುಂದಿನ ವಾರ ಅತ್ತೆ ನಗಲೇ ಇಲ್ಲ. ಪೆಟ್ಟಿಗೆ ಒಮ್ಮೆಯೂ ಕೈಕೊಡಲಿಲ್ಲ. ನರ್ಸಮ್ಮ ಹೊಗಳಿದ್ದಕ್ಕೆ ನಾನು ಉಬ್ಬುತ್ತಿರುವಾಗ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಪುಟ್ಟಿಯೊಬ್ಬಳು ನನ್ನ ತೋಳು ಜಗ್ಗಿ, "ಇವತ್ತು ಅಜ್ಜಿಗೆ ಜ್ವರಾನಾ?" ಎಂದು ಕೇಳಿದಳು.

ನನ್ನ ಮುಖ ಇಷ್ಟು ಚಿಕ್ಕದಾಯಿತು. ಊಟದ ಹೊತ್ತಿಗೆ ಇನ್ನೂ ಹೆದರಿಕೆಯಾಯಿತು. ನನ್ನ ಗಂಡ ಏನೋ ತಮಾಷೆ ಮಾಡಿದರೆ ಅತ್ತೆ ಕೈಯಿಂದ ಬಾಯಿ ಮುಚ್ಚಿಕೊಂಡರು. ಮನೆಯಲ್ಲಿ ಅಂಥ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಪೆಟ್ಟಿಗೆಯ ಮಾನ ಉಳಿಸಲು ಹೋಗಿ ಮನೆಯ ನಗುವನ್ನೇ ಕಳೆದುಬಿಟ್ಟೆನೇ ಅನ್ನಿಸಿತು.

ಮರುದಿನ ಆಫೀಸಿನಿಂದ, ವೋಲ್ಟಿನ ಕ್ಷಣಕ್ಷಣದ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ತಂದೆ. ಬಲ್ಬನ್ನು ಸುಮ್ಮನೆ ಉರಿಸುವುದು ಬಿಟ್ಟು ಆರಿಸಿ, ಹೊತ್ತಿಸಿ ನೋಡಿದೆ. ಹೊತ್ತಿಸಿದಾಗಲೆಲ್ಲ ತೆರೆಯ ಮೇಲೆ ಐದರ ಗೆರೆ ದಡಕ್ಕನೆ ಕುಸಿದು, ಕುಡುಕನಂತೆ ತೂರಾಡಿ, ಆಮೇಲೆ ನಿಲ್ಲುತ್ತಿತ್ತು. ಮೀಟರಿಗೆ ಇಷ್ಟು ಚುರುಕು ಕಣ್ಣಿಲ್ಲ. ಮಾತಿಗೆ ಕರೆಂಟು ಸ್ವಲ್ಪ ಸಾಕು, ನಗು ಒಮ್ಮೆಲೇ ಬಾಚಿ ಕೇಳುತ್ತದೆ. ರೆಗ್ಯುಲೇಟರ್ ಎಚ್ಚೆತ್ತು ಒದಗಿಸುವವರೆಗೆ ಅದರ ಬಾಯಲ್ಲಿರುವ ಕೆಪ್ಯಾಸಿಟರ್ ಸುಧಾರಿಸಬೇಕು, ಪಂಪು ಶುರುವಾಗುವ ತನಕ ತೊಟ್ಟಿಯ ನೀರು ಸುಧಾರಿಸಿದ ಹಾಗೆ. ಪೆಟ್ಟಿಗೆ ಪುಟ್ಟದಾಗಿರಲಿ ಎಂದು ನಾನು ಹಾಕಿದ್ದು ಹುರುಳಿಕಾಳಿನಂಥದ್ದು.

ದೊಡ್ಡದನ್ನು ಹಾಕುವುದನ್ನು ನೋಡಲಿ ಎಂದು ಅತ್ತೆಯನ್ನೂ ಗಂಡನನ್ನೂ ಕರೆದು ಕೂರಿಸಿದೆ. ಬೆಸುಗೆ ಹಾಕಿ ಸ್ವಿಚ್ ಒತ್ತಿ, ಪಾಠವನ್ನೂ ಶುರುಮಾಡಿದೆ.

"ಇದಕ್ಕೆ ಪ್ಲಸ್ಸು, ಮೈನಸ್ಸು ಅಂತ ಇರುತ್ತೆ. ತಿರುಗಿಸಿ ಹಾಕಿದ್ರೆ ಕಥೆ ಮುಗೀತು. ಆಫೀಸಲ್ಲಿ ಹೊಸಬರಿಗೆ ನಾನು ಮೊದಲು ಹೇಳೋದೇ..."

ಢಬ್! ಹೊಗೆ, ನಾತ. ಕಣ್ಣುಬಿಟ್ಟಾಗ ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ತಲೆತುಂಬ ಸಿಡಿದ ಕೆಪ್ಯಾಸಿಟರಿನ ಬೆಳ್ಳಿಹಾಳೆಯ ಚೂರು. ತಿರುಗಿಸಿ ಹಾಕಿದ್ದೆ.

ಬಾಗಿಲ ತನಕ ಓಡಿದ್ದ ಅತ್ತೆ ಚೌಕಟ್ಟು ಹಿಡಿದುಕೊಂಡು ನಕ್ಕರು. "ಹೊಸಬರಿಗೆ... ಮೊದಲು..." ಎಂದು ಎರಡು ಸಲ ಶುರುಮಾಡಿದರು, ಮುಗಿಸಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು.

ನಾನು ಬಾಯಿ ಮುಚ್ಚಿಕೊಂಡು ಇನ್ನೊಂದನ್ನು ನೆಟ್ಟಗೆ ಹಾಕಿ ಮೈಕನ್ನು ಅವರ ಕೈಗಿತ್ತೆ. ಉಕ್ಕುತ್ತಿದ್ದ ನಗು ಅಲ್ಲೇ ನಿಂತಿತು. ಅವರ ಕೈ ಬಾಯಿಗೆ ಹೋಯಿತು.

"ಈಗ ಜೋರಾಗಿ ನಗಬಹುದಾ?" ಎಂದು ಕೇಳಿದರು, ಪರರ ಮನೆಯಲ್ಲಿ ನೀರು ಕೇಳಿದ ಹಾಗೆ.

ನಾನೇ ಪೆಟ್ಟಿಗೆಯ ಸ್ವಿಚ್ ಒತ್ತಿದೆ. "ಎಷ್ಟು ಬೇಕಾದ್ರೂ ನಗಿ ಅತ್ತೆ. ತಪ್ಪು ನನ್ನ ಪೆಟ್ಟಿಗೇದು, ನಿಮ್ಮ ನಗೂದಲ್ಲ."

ಅವರು ನನ್ನ ತಲೆಯ ಮೇಲಿನ ಚೂರುಗಳನ್ನು ನೋಡಿದರು. ಆಮೇಲೆ ಬಂದ ನಗುವನ್ನು ಪೆಟ್ಟಿಗೆ ಒಂದಿಷ್ಟೂ ನುಂಗದೆ ಬೀದಿಯ ತುದಿಯವರೆಗೆ ಮುಟ್ಟಿಸಿತು. ತೆರೆಯ ಮೇಲಿನ ಗೆರೆ ಕುಸಿಯಿತೋ ಇಲ್ಲವೋ ನಾನು ನೋಡಲೇ ಇಲ್ಲ, ಹೊಟ್ಟೆ ಹಿಡಿದುಕೊಂಡು ನಾನೂ ನಗುತ್ತಿದ್ದೆ. ಪರೀಕ್ಷೆ ಮುಗಿಸಲು ಅವರನ್ನು ಇನ್ನೊಂದು ಸಲ ನಗಿಸಬೇಕಾಯಿತು.