ಬಂಕಣ್ಣನ ಮೈವಾಸನೆ

"ಟ್ಯಾಂಕು ಇಲ್ಲಿಂದ ಅಲ್ಲೀವರೆಗೂ ಇದೆ ಮೇಡಂ. ಈ ಪಕ್ಕಕ್ಕೆ ಕೊರೀರಿ," ಎಂದು ಬಂಕಣ್ಣ ಚಪ್ಪಲಿಯ ತುದಿಯಿಂದ ನೆಲದ ಮೇಲೆ ಗೆರೆ ಎಳೆದ.

ಪೆಟ್ರೋಲ್ ಬಂಕ್ ಮುಚ್ಚಿ ಆರು ವರ್ಷವಾಗಿತ್ತು. ಮೂವತ್ತು ವರ್ಷ ಅಲ್ಲಿ ದುಡಿದ ಅವನನ್ನು ಬಿಟ್ಟರೆ ನೆಲದಡಿಯ ಟ್ಯಾಂಕಿನ ಜಾಗ ತೋರಿಸುವವರು ಯಾರೂ ಉಳಿದಿರಲಿಲ್ಲ. ಮಣ್ಣು ಪರೀಕ್ಷೆಗೆ ಬಂದ ಇಂಜಿನಿಯರಮ್ಮ ಹಿಂದಿನ ಗೋಡೆಗೆ ಅಂಟಿಕೊಂಡಿದ್ದ ಅವನ ಮನೆಯ ಬಾಗಿಲು ತಟ್ಟಿದ್ದಳು. ಅವನೋ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುವೆಗೆ ಹೊರಟವನ ಹಾಗೆ ಬಂದಿದ್ದ. ಮೂಲೆ ಸೇರಿದವನನ್ನು ಕರೆದು ಒಂದು ಮಾತು ಕೇಳಿದರೆ ಎದೆ ಉಬ್ಬದೆ ಇರುತ್ತದೆಯೇ!

ಟ್ಯಾಂಕಿನ ಪೆಟ್ರೋಲಿನ ಅಳತೆ ಎಂದಾದರೂ ಕಡಿಮೆ ಬರುತ್ತಿತ್ತೇ ಎಂದು ಅವಳು ಕೇಳಿದಳು. ದಿನಾ ಬೆಳಿಗ್ಗೆ ಟ್ಯಾಂಕಿಗೆ ಕೋಲು ಇಳಿಸಿ ನೋಡುತ್ತಿದ್ದವನೇ ಅವನು. ಕೊನೆಯ ವರ್ಷಗಳಲ್ಲಿ ಒಂದು ಬೆರಳಿನಷ್ಟು ಕಡಿಮೆ ಇರುತ್ತಿತ್ತಂತೆ. ಬಿಸಿಲಿಗೆ ಆವಿಯಾಗುತ್ತದೆ ಎಂದು ಮಾಲೀಕ ಹೇಳಿದ, ಇವನು ತಲೆಯಾಡಿಸಿದ. ಮಳೆಗಾಲದಲ್ಲೂ ಆವಿಯಾಗುತ್ತಿತ್ತು ನೋಡಿ ಎಂದು ಬಂಕಣ್ಣ ನಕ್ಕ. ಅವಳು ನಗಲಿಲ್ಲ, ಬರೆದುಕೊಂಡಳು. ನಿಮ್ಮ ಬಾವಿಯ ನೀರು ಹೇಗಿದೆ ಎಂದಳು. ಕಲ್ಲುಸಕ್ಕರೆ ಎಂದ ಅವನು. ಎರಡು ತಿಂಗಳ ಮೊಮ್ಮಗಳಿಗೆ ಹಾಲಿನ ಪುಡಿ ಕಲಸುವುದೂ ಅದರಲ್ಲೇ ಎಂದು ಸೇರಿಸಿದ.

ಆಳಕ್ಕಿಳಿದಿದ್ದ ಕೊಳವೆ ಮೇಲೆ ಬಂತು. ಒಳಗಿನ ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. ಮೂಗು ಹತ್ತಿರ ತರಬೇಡಿ ಎಂದು ಅವಳು ತಡೆದಳು, ಆದರೆ ವಾಸನೆ ಆಗಲೇ ಅವನನ್ನು ಮುಟ್ಟಿತ್ತು. ಅದು ಬಂಕಿನ ಘಾಟು ವಾಸನೆಯಲ್ಲ. ಹಳತಾದ, ಹಳಸಿದ ವಾಸನೆ. ಅವನ ಬಚ್ಚಲುಮನೆಯ ವಾಸನೆ.

ಹೆಂಡತಿ ಇದ್ದಾಗ ಮೈ ತೊಳೆಯದೆ ಅವನನ್ನು ಒಳಗೆ ಬಿಟ್ಟವಳಲ್ಲ. ಎರಡು ಬಕೆಟ್ ಸುರಿದುಕೊಂಡರೂ ವಾಸನೆ ಹೋಗುತ್ತಿರಲಿಲ್ಲ. ಕೆಲಸ ಹೋಯಿತು, ವಾಸನೆ ಹೋಗಲಿಲ್ಲ. ನಿಮ್ಮ ಮೂಳೆಗೇ ಇಳಿದಿದೆ ಎಂದು ಅವಳು ಹಂಗಿಸುತ್ತಿದ್ದಳು. ಟವೆಲು ನಾತ ಹೊಡೆದರೆ ಅವನದೇ ತಪ್ಪು, ನೀರು ನಾತ ಹೊಡೆದರೆ ಅವನು ಮುಟ್ಟಿದ ಬಿಂದಿಗೆಯದು. ಅವಳು ಸತ್ತ ಮೇಲೆ ಆ ತಮಾಷೆ ಮಗಳ ಬಾಯಿಗೆ ಬಂದಿತ್ತು. ಅವನಿಗೂ ಅದರಲ್ಲಿ ಒಂದಿಷ್ಟು ಹೆಮ್ಮೆ ಇತ್ತು, ಸುಳ್ಳೇಕೆ ಹೇಳಬೇಕು?

"ಮೇಡಂ, ಆಗ ಹೇಳಿದ್ದು ತಪ್ಪು," ಎಂದ. "ನಮ್ಮ ನೀರು ವಾಸನೆ ಬರುತ್ತೆ. ಎಷ್ಟೋ ವರ್ಷದಿಂದ ಬರುತ್ತೆ. ನನ್ನ ಮೈ ಅಂದ್ಕೊಂಡಿದ್ವಿ."

ಅವಳು ಪೆನ್ನು ಕೆಳಗಿಟ್ಟಳು. ಪರೀಕ್ಷೆಯ ಫಲಿತಾಂಶಕ್ಕೆ ವಾರ ಬೇಕು, ಅಲ್ಲಿಯವರೆಗೂ ಕಾಯಬೇಡಿ, ಕುಡಿಯುವುದಕ್ಕಿರಲಿ ಸ್ನಾನಕ್ಕೂ ಆ ನೀರು ಮುಟ್ಟಬೇಡಿ ಎಂದಳು. ಅವಳ ಮಾತು ಮುಗಿಯುವುದರೊಳಗೆ ಬಂಕಣ್ಣ ಗೇಟು ದಾಟಿದ್ದ.

ಹಿತ್ತಲಲ್ಲಿ ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಬಚ್ಚಲ ಬಾಗಿಲಲ್ಲಿ ಬಕೆಟ್ಟಿನ ತುಂಬ ಬಿಸಿನೀರು ಹೊಗೆಯಾಡುತ್ತಿತ್ತು.

"ಬಂಕಿನ ಮಣ್ಣೆಲ್ಲ ಮೆತ್ಕೊಂಡು ಬಂದ್ಯಾ ಅಪ್ಪಾ? ಮೊದಲು ಸ್ನಾನ ಮಾಡು, ಆಮೇಲೆ ಮಗೂನ ಎತ್ಕೋ."

"ಈ ನೀರು ಬೇಡ ಕಣಮ್ಮಾ. ಮಗೂಗೂ ಬೇಡ. ವಾಸನೆ ನಂದಲ್ಲ, ಬಾವೀದು."

ಮಗಳ ನಗು ಇಳಿಯಿತು. ಅವಳು ಕಟ್ಟೆಯ ಮೇಲಿದ್ದ ಹಾಲಿನ ಬಾಟಲಿಯನ್ನು ನೋಡಿದಳು. ಅದು ಖಾಲಿಯಾಗಿತ್ತು.

ಬಂಕಣ್ಣ ಬಕೆಟ್ ಎತ್ತಿದ, ಚೆಲ್ಲಿಬಿಡಲೆಂದು. ಎದುರಿಗೆ ಹೆಂಡತಿ ನೆಟ್ಟ ನಿಂಬೆ ಗಿಡ, ಅದರಾಚೆ ಬಾವಿ, ಪಕ್ಕದಲ್ಲಿ ಅಕ್ಕಪಕ್ಕದವರ ಮನೆಗಳ ಕಡೆಗೆ ಹರಿಯುವ ಕಾಲುವೆ. ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ತುಂಬಿದ ಬಕೆಟ್ ಹಿಡಿದುಕೊಂಡೇ ನಿಂತ.