ನಾಲ್ಕು ಜೇಬಿನ ಮೊಟ್ಟೆ

ಟೇಲರಮ್ಮನ ಎದುರಿಗೆ ಎರಡು ವಿಷಯದ ಬಗ್ಗೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಒಂದು ಅವಳ ಹೊಲಿಗೆ, ಇನ್ನೊಂದು ಅವಳ ನಾಯಿ. ನಲವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದ ಕೈ. ಗುಂಡಿ ಕಿತ್ತುಬಂತು ಅಂತ ಒಬ್ಬ ತಾಯಿಯೂ ಬಾಗಿಲಿಗೆ ಬಂದವಳಲ್ಲ. ಇನ್ನು ನಾಯಿ. ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋತುಬಿದ್ದ ಕಂದು ಬೀದಿ ನಾಯಿಗೆ ದಿವಾನ ಅಂತ ಹೆಸರಿಟ್ಟಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಬಿಡಿ. "ನಾನು ತಟ್ಟೆಗೆ ಹಾಕಿದ್ದು ಬಿಟ್ಟು ನನ್ನ ದಿವಾನ ಬೇರೇನನ್ನೂ ಮೂಸಿ ಕೂಡ ನೋಡಲ್ಲ" ಅಂತ ಬೀದಿಗೆಲ್ಲ ಸಾರಿಕೊಂಡು ಬಂದಿದ್ದಳು.

ಮೂಸುವುದೇನು ಬಂತು, ದಿವಾನ ನುಂಗುತ್ತಲೇ ಇದ್ದ! ಬೀದಿ ಮುಗಿದ ಕಡೆ ಒಂದು ಕುರುಚಲು ಗುಡ್ಡ. ಮೊಲ, ನರಿ ಓಡಾಡುವ ಜಾಗ. ಬೆಳಿಗ್ಗೆ ಟೇಲರಮ್ಮ ಅಲ್ಲಿ ಹಗ್ಗ ಬಿಚ್ಚಿದರೆ ಸಾಕು, ದಿವಾನ ಪೊದೆ ಬುಡದಲ್ಲಿ ಬಿದ್ದ ಮೊಲದ ಹಿಕ್ಕೆಯನ್ನು ಹುರಿದ ಕಡಲೆ ಹೆಕ್ಕಿದಂತೆ ಹೆಕ್ಕಿ ತಿನ್ನುತ್ತಿದ್ದ. ಅವಳು ಕಣ್ಣಾರೆ ಕಂಡಿದ್ದಳು, ಒಂದಲ್ಲ ಹತ್ತು ಸಲ. "ಥೂ, ಉಗಿಯೋ ದರಿದ್ರವೇ!" ಅಂತ ಗದರಿ, ಯಾರಾದರೂ ನೋಡಿದರೋ ಅಂತ ಅತ್ತ ಇತ್ತ ಕಣ್ಣಾಡಿಸಿ, ಸೆರಗಿನಲ್ಲಿ ಅವನ ಮೂತಿ ಒರೆಸಿ ಕರೆತರುತ್ತಿದ್ದಳು. ಮನೆಯಲ್ಲಿ ಚಕಾರವಿಲ್ಲ.

ಯಾಕೆಂದರೆ ಮನೆಯಲ್ಲಿ ಸೊಸೆ ಇದ್ದಳು. ಸೊಸೆಗೆ ಪ್ರಾಣಿಗಳ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಹಗಲೆಲ್ಲ ನಾಯಿ, ಬೆಕ್ಕು, ಹಸುಗಳ ಮಲವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಕಂಡದ್ದನ್ನು ಬರೆದುಕೊಡಬೇಕು. ಸೇರಿ ಐದು ತಿಂಗಳಾಗಿತ್ತು. ಆರಕ್ಕೆ ಖಾಯಂ ಆಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

"ಅತ್ತೆ, ಆ ಗುಡ್ಡದಲ್ಲಿ ದಿವಾನನ ಹಗ್ಗ ಬಿಚ್ಚಬೇಡಿ" ಅಂತ ಅವಳು ಆಗಲೇ ಹೇಳಿದ್ದಳು. "ಕಾಡು ಪ್ರಾಣಿಗಳ ಹೇಲು ತಿಂದ್ರೆ ಏನೇನೋ ಅಂಟುತ್ತೆ. ನರೀದಂತೂ ಕೆಟ್ಟದ್ದು, ಅದರಲ್ಲಿರೋ ಹುಳದ ಮೊಟ್ಟೆ ನಾಯಿಗಿಂತ ನಮಗೇ ಅಪಾಯ."

"ನಾನು ಸಾಕಿದ ನಾಯಿ ಅದಕ್ಕೆಲ್ಲ ಬಾಯಿ ಹಾಕುತ್ತಾ? ನಿನ್ನ ಗಂಡನ್ನ ಸಾಕಿದವಳೂ ನಾನೇ ಕಣೇ, ಅವನೇನು ಕಂಡದ್ದೆಲ್ಲ ತಿಂತಾನಾ?"

"ತಿಂತಾರೆ ಅತ್ತೆ" ಅಂದು ಸೊಸೆ ನಕ್ಕು ಒಳಗೆ ಹೋಗಿದ್ದಳು.

ಆಮೇಲೆ ದಿವಾನನಿಗೆ ಭೇದಿ ಶುರುವಾಯಿತು. ನಾಲ್ಕು ದಿನಕ್ಕೆ ಪಕ್ಕೆಲುಬು ಎಣಿಸುವ ಹಾಗಾಯಿತು. ಏಳು ವರ್ಷದ ನಾಯಿ, ಹೊಟ್ಟೆಯಲ್ಲಿ ನೀರು ಕೂಡ ನಿಲ್ಲುತ್ತಿರಲಿಲ್ಲ. ಟೇಲರಮ್ಮ ರಾತ್ರಿಯೆಲ್ಲ ಅವನ ಪಕ್ಕದಲ್ಲೇ ಕೂತಳು. ಸೊಸೆ ಮಾದರಿ ಒಯ್ದಳು, ಗಾಜಿನ ಮೇಲೆ ದುಂಡು ಮೊಟ್ಟೆಗಳು ಕಂಡವು. ಅವಳು ಅವಸರ ಮಾಡಲಿಲ್ಲ. ಮಿಕ್ಕ ಮಾದರಿಯನ್ನು ಒದ್ದೆಯಾಗಿಟ್ಟು, ಎರಡು ದಿನ ಬಿಟ್ಟು ಮತ್ತೆ ನೋಡಿ, ಆಮೇಲೆ ಚೀಟಿ ಬರೆದಳು.

ಅವತ್ತು ಟೇಲರಮ್ಮ ದಿವಾನನನ್ನು ಎದೆಗವುಚಿಕೊಂಡೇ ಆಸ್ಪತ್ರೆಗೆ ಹೋದಳು. ಉದ್ದ ಬೆಂಚು, ಬೆಂಚಿನ ತುಂಬ ಜನ, ಜನರ ತೊಡೆಯ ಮೇಲೆ ಬೆಕ್ಕು, ಪಂಜರ, ನಾಯಿಮರಿ. ಅವರೆದುರಿಗೇ ಹಿರಿಯ ಡಾಕ್ಟರು ಸೊಸೆಯ ಚೀಟಿ ಹಿಡಿದು ಹುಬ್ಬು ಗಂಟಿಕ್ಕಿದ್ದರು.

"ನಾಯಿ ಮಾದರಿಗೆ ಮೊಲದ್ದು ಅಂತ ಬರೆದಿದ್ದೀಯಲ್ಲಮ್ಮ?"

"ಹೌದು ಸರ್" ಅಂದಳು ಸೊಸೆ. "ಮೊಲದ ಕರುಳಲ್ಲಿ ಬೆಳೆಯೋ ಕ್ರಿಮಿಯ ಮೊಟ್ಟೆ ಅದು. ನಾಯೀದೇ ಕ್ರಿಮಿ ಆಗಿದ್ರೆ ಎರಡು ದಿನದಲ್ಲಿ ಮೊಟ್ಟೆಯೊಳಗೆ ಎರಡು ಚೀಲ ಮೂಡಬೇಕು. ಇದರಲ್ಲಿ ನಾಲ್ಕಿವೆ. ಗುಡ್ಡದಲ್ಲಿ ಮೊಲದ ಹಿಕ್ಕೆ ತಿಂದಿದೆ, ಮೊಟ್ಟೆ ಬಾಯಿಂದ ಹೋಗಿ ಹಾಗೇ ಹಿಂದಿನಿಂದ ಬಂದಿದೆ. ಇದು ನಾಯಿಗೆ ಏನೂ ಮಾಡಲ್ಲ. ಕಾಯಿಲೆ ಬೇರೆ ಇದೆ, ಬಿಸಿ ಆರದ ಮಾದರಿ ಇನ್ನೊಂದು ನೋಡಬೇಕು."

ಡಾಕ್ಟರು ಈ ಕಡೆ ತಿರುಗಿದರು. "ಏನಮ್ಮಾ, ನಿಮ್ಮ ನಾಯಿ ಗುಡ್ಡದಲ್ಲಿ ಹಿಕ್ಕೆ ಗಿಕ್ಕೆ ತಿನ್ನುತ್ತಾ?"

ಬೆಂಚಿನ ಅಷ್ಟೂ ಕಣ್ಣು ಟೇಲರಮ್ಮನ ಮೇಲೆ. ಇಬ್ಬರು ಅವಳ ಬೀದಿಯವರೇ.

"ಛೆ ಛೆ! ಎಲ್ಲಾದರೂ ಉಂಟಾ? ನನ್ನ ನಾಯೀನಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾಕ್ಟರ ಮುಖ ಬಿಗಿಯಾಯಿತು.

"ನೋಡು, ನಿಮ್ಮತ್ತೇನೇ ಹೇಳ್ತಿದ್ದಾರೆ. ಹಿಕ್ಕೆ ತಿನ್ನದ ನಾಯಿ ಹೊಟ್ಟೇಲಿ ಮೊಲದ್ದು ಎಲ್ಲಿಂದ ಬಂತು? ಈ ಮಾದರಿ ಬಂದ ದಿನವೇ ಒಂದು ಸಾಕುಮೊಲದ ಮಾದರಿಯೂ ಬಂದಿತ್ತು. ಎರಡನ್ನೂ ಅದಲುಬದಲು ಮಾಡಿದ್ದೀಯ. ನಾಯಿಯ ಕ್ರಿಮಿಗೇ ಔಷಧಿ ಬರೀತೀನಿ. ನೀನು ನಾಳೆಯಿಂದ ಮೈಕ್ರೋಸ್ಕೋಪ್ ಮುಟ್ಟಬೇಡ. ಖಾಯಂ ವಿಷಯ ಆಮೇಲೆ ನೋಡೋಣ."

ಟೇಲರಮ್ಮ ದಿವಾನನನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು. ಸೊಸೆ ಅಳುತ್ತಾಳೆ ಅಂದುಕೊಂಡಳು. ಸೊಸೆ ಅಳಲಿಲ್ಲ. ಅತ್ತೆಯ ಕಡೆ ಒಂದು ಸಲ ನೋಡಿದಳು, ಅಷ್ಟೇ. ಡಾಕ್ಟರ ಕಡೆ ತಿರುಗಿ ನಿಂತಳು.

"ಅದಲುಬದಲಾಗಿಲ್ಲ ಸರ್. ಡಬ್ಬಿ ಮೇಲೆ ಹೆಸರು ಬರೆದವಳು ನಾನು. ಮೂರು ಸಲ ಎಣಿಸಿದ್ದೀನಿ, ಮೂರು ಸಲವೂ ನಾಲ್ಕೇ. ಕೆಲಸ ಹೋದರೂ ಎರಡು ಅಂತ ಬರೆಯಲ್ಲ."

ಅಬ್ಬಾ! ಟೇಲರಮ್ಮನಿಗೆ ಮೈ ಜುಮ್ಮೆಂದಿತು. ಒಂದು ಕಾಲದಲ್ಲಿ ಒಬ್ಬ ಹೆಡ್‌ಮಾಸ್ಟರು ಅಂಗಿ ಎರಡು ಬೆರಳು ಗಿಡ್ಡ ಅಂದಾಗ, ಇಡೀ ಶಾಲೆಯ ಮುಂದೆ ಟೇಪು ಹಿಡಿದು ನಿಂತವಳು ಅವಳು. ಅಂಗಿ ಗಿಡ್ಡವಾಗಿರಲಿಲ್ಲ, ಹುಡುಗ ಬೆಳೆದಿದ್ದ. ಇವಳೂ ಹಾಗೇ ನಿಂತಿದ್ದಾಳೆ, ನನ್ನ ಥರವೇ. ಎಂಥಾ ಹುಡುಗಿ ನನ್ನ ಮನೆಗೆ ಬಂದಿದ್ದಾಳೆ! ಇವಳ ಅಳತೆ ತಪ್ಪು ಅಂತ ಡಾಕ್ಟರಿಂದ ಅನ್ನಿಸಿದವಳು ನಾನು, ನನ್ನದೊಂದು ಒಣ ಜಂಭಕ್ಕೆ. ತೋಳಿನಲ್ಲಿ ದಿವಾನ ಬೇರೆ ಬಟ್ಟೆಯ ಗಂಟಿನಷ್ಟು ಹಗುರವಾಗಿದ್ದ.

"ಡಾಕ್ಟ್ರೇ!" ಅಂದಳು. ಕೂಗಿಯೇ ಬಿಟ್ಟಳು, ಪಂಜರದ ಗಿಳಿಯೂ ಬೆಚ್ಚಿತು. "ತಿನ್ನುತ್ತೆ! ಮೊಲದ್ದೂ ತಿನ್ನುತ್ತೆ, ನರೀದೂ ತಿನ್ನುತ್ತೆ, ಸಿಕ್ಕಿದ್ದೆಲ್ಲ ತಿನ್ನುತ್ತೆ. ಹಗ್ಗ ಬಿಚ್ಚಿದವಳು ನಾನು, ಮೂತಿ ಒರೆಸಿದವಳು ನಾನು, ಈಗ ಸುಳ್ಳು ಹೇಳಿದವಳೂ ನಾನು. ಅವಳ ಎಣಿಕೆ ಸರಿಯಾಗಿದೆ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. "ನಗ್ರಿ ನಗ್ರಿ, ನಿಮ್ಮ ನಾಯಿ ಹಿಂದೆ ಒಂದು ದಿನ ಹೋಗಿ ನೋಡಿ, ಆಮೇಲೆ ನಗ್ರಿ" ಅಂದಳು. ನಗು ನಿಂತಿತು.

ಬಿಸಿ ಮಾದರಿಗೆ ಕಾಯಬೇಕಾಗಲಿಲ್ಲ. ಆ ವಿಷಯದಲ್ಲಿ ದಿವಾನ ಧಾರಾಳಿ. ಅಂಗಳದಿಂದ ಸೊಸೆ ಡಬ್ಬಿ ಹಿಡಿದು ಓಡಿದಳು. ಸ್ವಲ್ಪ ಹೊತ್ತಿಗೆ ಡಾಕ್ಟರನ್ನು ಕರೆದಳು. ಅವರು ಬಗ್ಗಿ ನೋಡಿದವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ದನಿ ಬೇರೆಯಾಗಿತ್ತು.

"ಹೌದಮ್ಮ. ಭೇದಿ ಮಾಡಿಸ್ತಿರೋ ಕ್ರಿಮಿ ಇವೇ, ಓಡಾಡ್ತಿವೆ. ಮಾದರಿ ತಣ್ಣಗಾಗಿದ್ರೆ ಇವು ಕಾಣ್ತಿರಲಿಲ್ಲ."

"ಈ ಕ್ರಿಮಿ ಕಾಡು ಪ್ರಾಣಿಗಳ ಮಲದಲ್ಲೂ, ಅದು ಬಿದ್ದ ನೀರಲ್ಲೂ ಇರುತ್ತೆ ಅತ್ತೆ. ದಿವಾನನಿಗೆ ಅಲ್ಲಿಂದಲೇ ಅಂಟಿರಬೇಕು" ಅಂದಳು ಸೊಸೆ. "ನೋಡ್ತೀರಾ?"

ಟೇಲರಮ್ಮ ಕನ್ನಡಕ ತೆಗೆದು ಕಣ್ಣಿಟ್ಟಳು. ಪುಟಾಣಿ ಮುಖಗಳು, ಒಂದೊಂದಕ್ಕೂ ಎರಡೆರಡು ಕಣ್ಣು, ನೀರಿನಲ್ಲಿ ತೇಲುವ ಎಲೆಯಂತೆ ಮಗುಚಿ ಮಗುಚಿ ಬೀಳುತ್ತಿದ್ದವು. "ಅಯ್ಯೋ ಇವನ ಮನೆ ಹಾಳಾಗ! ನನ್ನನ್ನೇ ನೋಡ್ತಿದ್ದಾನಲ್ಲೇ!" ಸೊಸೆ ಗಾಜು ಬದಲಿಸಿ ಮೊದಲಿನ ಮೊಟ್ಟೆಯನ್ನೂ ತೋರಿಸಿದಳು. ಟೇಲರಮ್ಮ ತಾನೇ ಎಣಿಸಿದಳು. ದುಂಡನೆ ಮೊಟ್ಟೆಯೊಳಗೆ ಅಚ್ಚುಕಟ್ಟಾಗಿ ಕೂರಿಸಿದ ನಾಲ್ಕು ಜೇಬು. ಯಾರೇ ಹೊಲಿದಿರಲಿ, ಕೈ ಒಳ್ಳೆಯದು ಅನ್ನಿಸಿತು.

ಡಾಕ್ಟರು ಐದು ದಿನದ ಔಷಧಿ ಬರೆದರು. ದಿನಾ ಹಿಂಭಾಗ ತೊಳೆಯಬೇಕು, ಇಲ್ಲದಿದ್ದರೆ ಕೂದಲಿಗೆ ಅಂಟಿದ್ದನ್ನು ನೆಕ್ಕಿ ಕಾಯಿಲೆ ಮತ್ತೆ ತರಿಸಿಕೊಳ್ಳುತ್ತದೆ ಅಂದರು. ಆಮೇಲೆ, "ನಾನು ಬರೀಬೇಕೂಂತಿದ್ದ ಔಷಧಿ ಕೊಟ್ಟಿದ್ರೆ ಒಂದು ವಾರ ದಂಡ ಆಗ್ತಿತ್ತು. ಈ ನಾಯಿ ಮೈಯಲ್ಲಿ ಆ ಒಂದು ವಾರ ತಡೆಯೋ ಶಕ್ತಿ ಇರಲಿಲ್ಲ" ಅಂದು ಸೊಸೆಯ ಕಡೆ ನೋಡಿ, "ನಾಳೆ ಬೇಗ ಬಾಮ್ಮ, ಮೈಕ್ರೋಸ್ಕೋಪಿನ ಮುಂದೆ ನೀನೇ ಕೂರಬೇಕು" ಅಂದರು.

ಕೊನೆಗೆ ಟೇಲರಮ್ಮನನ್ನು ಕೇಳಿದರು, "ಅಮ್ಮಾ, ಈಗಲಾದರೂ ನಿಜ ಹೇಳಿ. ಇನ್ನೇನಾದರೂ ತಿಂದಿದೆಯಾ?"

"ನನ್ನನ್ನ ಯಾಕೆ ಕೇಳ್ತೀರಿ ಡಾಕ್ಟ್ರೇ?" ಟೇಲರಮ್ಮ ದಿವಾನನನ್ನು ಎತ್ತಿಕೊಂಡು, ಬೆಂಚಿನ ಕೊನೆಯವರಿಗೂ ಕೇಳುವ ಹಾಗೆ ಹೇಳಿದಳು. "ನನ್ನ ಸೊಸೆ ನೋಡಿ ಬರೆದುಕೊಟ್ಟ ಮೇಲೆ ಇನ್ನೊಬ್ಬರ ಮಾತು ಕೇಳೋಕೆ ಹೋಗಬೇಡಿ. ಆ ಇನ್ನೊಬ್ಬಳು ನಾನೇ ಆದರೂ!"